ಇಲ್ಲದ ಟೇಪು

ತಾರ್ತುವಿನ ನೆಲಮಾಳಿಗೆ. ಹೊರಗೆ ಮೈನಸ್ ಹದಿನೆಂಟು.
ಲೇಲೋ ಸುಳ್ಳೊಂದನ್ನು ಕಟ್ಟುತ್ತಿದ್ದಾಳೆ:
ನಾಲ್ಕು ಡ್ರೈವು, ನಲವತ್ತು ಗೂಡು,
ಟೇಪು ಎತ್ತಿಡಲು ರೋಬಾಟಿನ ಒಂದು ತೋಳು.
ಯಾವುದೂ ಇಲ್ಲ. ಹಳೇ ಸರ್ವರಿನ ಹೊಟ್ಟೆಯಲ್ಲಿ
ಬರೀ ಹೆಸರುಗಳು.

ತಂತ್ರಾಂಶ ನಂಬಿಬಿಟ್ಟಿದೆ ಪಾಪ.
ಏಳನೇ ಗೂಡಿನದು ತಾ, ಅನ್ನುತ್ತದೆ.
ತಂದಾಯ್ತು, ಅನ್ನುತ್ತದೆ ಇಲ್ಲದ ತೋಳು.

ಉರ್ಮಸ್ ಬಾಗಿ ಕಿವಿಯಿಟ್ಟ,
ಮೂವತ್ತೊಂದು ವರ್ಷ ನಿಜದ ಟೇಪು ಹೊತ್ತವನು.
'ಸದ್ದೆಲ್ಲಿ?'
'ಇರಲ್ಲ. ಇದು ಪರೀಕ್ಷೆಗೆ.'
ಅವನ ಬೆರಳು ಮಾತ್ರ ಗಾಳಿಯಲ್ಲೇ
ಏಳರಿಂದ ಎರಡನೇ ಡ್ರೈವಿಗೆ ಹೋಗಿಬಂತು.

ಬರೆದಳು. ಮೂಲ ಅಳಿಸಿದಳು. ಮರಳಿ ತರಿಸಿದಳು.
ಒಂದು ಬೈಟು ಕಡಿಮೆ.
ಮತ್ತೆ ತರಿಸಿದಳು. ಅದೇ ಒಂದು.

ಲೇಲೋ ಹಣೆ ಹಿಡಿದು ಕೂತಳು.
ಉರ್ಮಸ್ ಮೊದಲ ಸಲ ನಕ್ಕ:
'ನಮ್ಮದೂ ಹೀಗೇ ಕಳೀತಿತ್ತು.
ಹಾಗಾದರೆ ಸರಿಯಾಗೇ ಕಟ್ಟಿದ್ದೀಯ.'
ಕೋಟು ಕಳಚಿ
ಕುರ್ಚಿ ಎಳೆದುಕೊಂಡ.