ಆರು ಮಿಲಿಮೀಟರ್

ಮಸೇರುವಿನ ಲ್ಯಾಬಿನಲ್ಲಿ ಹೀಟರ್ ಕೆಟ್ಟು ವಾರವಾಯಿತು.
ಈ ಕೋಣೆಯಲ್ಲಿ ಬೆಚ್ಚಗಿರುವುದು
ರೋಗಾಣುಗಳ ಪೆಟ್ಟಿಗೆಯೊಂದೇ.
ಪುಸೆಲೆತ್ಸೊ ಕಂಬಳಿ ಹೊದ್ದೇ
ತಟ್ಟೆಗಳನ್ನು ಹೊರಗೆ ತೆಗೆದಳು.

ಸ್ಪಿರಿಟ್ಟಿನಲ್ಲಿ ನೆನೆಸಿದ ಲೆಂಗಾನಾ ಸೊಪ್ಪಿನ ರಸ
ಬಿಲ್ಲೆಯ ಸುತ್ತ ಪುಟ್ಟ ಅಂಗಳ ಗುಡಿಸಿದೆ,
ಹುಳಗಳೆಲ್ಲ ಹೊಸ್ತಿಲಾಚೆ. ಹದಿನಾಲ್ಕು ಮಿಲಿಮೀಟರ್.
ಬರೀ ಸ್ಪಿರಿಟ್ಟು: ಆರು.
ನೀರಲ್ಲಿ ಕುದಿಸಿದ್ದು: ಆರು.
ಆರೆಂದರೆ ಕಾಗದದ ಬಿಲ್ಲೆಯದೇ ಅಗಲ.
ಆರೆಂದರೆ ಏನೂ ಇಲ್ಲ.

ಸೊಪ್ಪು ಕೊಯ್ದುಕೊಟ್ಟ ಮುದುಕಿ ಮಮೊಹಾಪಿ
ಬಾಗಿಲ ಬಳಿ ಬೂಟಿನ ಹಿಮ ಕೊಡವುತ್ತ ಕೇಳಿದಳು:
"ನಾವು ಕುದಿಸೋದು ನೀರಲ್ಲೇ ಅಲ್ವಾ ಮಗಾ?
ನಾಲ್ಕು ಮಕ್ಕಳ ಕೆಮ್ಮು ಇಳಿಸಿದ್ದು
ಹಾಗಾದ್ರೆ ಬಿಸಿನೀರಾ?"

ತಟ್ಟೆಗೆ ಗಂಟಲಿಲ್ಲ,
ನಡುರಾತ್ರಿ ಅದಕ್ಕಾಗಿ ಎದ್ದು ಒಲೆ ಊದುವವರಿಲ್ಲ.
ಹೀಗೆ ಹೇಳಬಹುದಿತ್ತು.
"ಗೊತ್ತಿಲ್ಲ" ಎಂದಳು.
ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು;
ಬಾಯುಸಿರಿಗೆ ಹಿಡಿದು, ಬೆಚ್ಚಗಾದ ಮೇಲೆ
ಬರೆದಳು: ಆರು.

ಮುದುಕಿ ಸಂಖ್ಯೆಯನ್ನೇ ನೋಡುತ್ತ ನಿಂತು
ಚೀಲದಿಂದ ಇನ್ನೊಂದು ಕಂತೆ ತೆಗೆದು
ಮೇಜಿನ ಮೇಲಿಟ್ಟಳು.
"ಇದು ಬಂಡೆಯ ನೆರಳಿಂದು.
ಅದಕ್ಕಿಂತ ಕಹಿ."