ಗಾಜಿಗಂಟಿದ ಕರೆ

ನಾನು ತೊಳೆಯುವವನು. ವಿದ್ಯಾನಗರದ ಕಾಲೇಜಿನಲ್ಲಿ
ಇಪ್ಪತ್ತೆರಡು ವರ್ಷದಿಂದ ಟ್ಯೂಬು, ಬೀಕರು, ಪಿಪೆಟ್ಟು.
ತುಂಗೆಯ ನೀರು ನಲ್ಲಿಯಲ್ಲಿ ಬಂದು ಬಂದು
ನನ್ನ ಅಂಗೈ ಗೆರೆಗಳನ್ನೂ ಅರ್ಧ ತೊಳೆದಿದೆ;
ಕೈ ನೋಡುವವನು ನೋಡಿ, ದುಡ್ಡು ವಾಪಸು ಕೊಟ್ಟ.

ಲವೀನಾ ಮೇಡಂ ಸಾಕುವುದು ಯೀಸ್ಟು.
ದುರ್ಗಿಗುಡಿಯ ಬೇಕರಿಯಿಂದ ಒಮ್ಮೆ ನಾನೇ
ಒಂದು ಪೊಟ್ಟಣ ತಂದುಕೊಟ್ಟೆ, ಖುಷಿಯಾಗಲಿ ಅಂತ.
"ಇದು ಬೇಡ ಹಾಲೇಶಣ್ಣ, ಇದರ ಮದುವೆ ಯಾವತ್ತೋ ಆಗಿದೆ,
ಇನ್ನು ಯಾರು ಕರೆದರೂ ತಿರುಗಿ ನೋಡುವುದಿಲ್ಲ."
ಅವರಿಗೆ ಬೇಕಾದದ್ದು ಒಂಟಿ ಕೋಶ.
ಗಂಡು ಹೆಣ್ಣು ಅನ್ನುವ ಹಾಗಿಲ್ಲ,
'ಎ' ಒಂದು ಬಗೆ, 'ಆಲ್ಫಾ' ಇನ್ನೊಂದು.
ಕಾಲಿಲ್ಲ, ಈಜಲು ಬಾಲವಿಲ್ಲ,
ಬಿದ್ದಲ್ಲೇ ಬಿದ್ದುಕೊಂಡು ಕರೆಯಬೇಕು.

ಆಲ್ಫಾದ ಕರೆ ಹದಿಮೂರು ಅಮೈನೋ ಮಣಿಯ ಸರ.
ನಡುವೆ ಪ್ರೋಲೀನ್, ಪಕ್ಕದಲ್ಲೇ ಗ್ಲೈಸೀನ್, ಅಲ್ಲೊಂದು ತಿರುವು.
ಆಗುಂಬೆ ಘಾಟಿಗೆ ಹದಿನಾಲ್ಕು ಬೇಕು, ಇದಕ್ಕೆ ಒಂದು ಸಾಕು.
ಬಾಗಿದರೆ ತಾನೇ ಎರಡು ತುದಿಗೂ ಕೆಲಸ:
ಬಾಲ ಹಿಡಿದುಕೊಳ್ಳುತ್ತದೆ, ತಲೆ ಮಾತಾಡುತ್ತದೆ.
ತಲೆಯ ಮಣಿ ಕಿತ್ತರೆ? ಕೇಳಿದೆ.
"ಹೋಗಿ ಕುರ್ಚಿಯಲ್ಲಿ ಕೂರುತ್ತದೆ. ಬಾಯಿ ಬಿಡುವುದಿಲ್ಲ.
ಬೇರೆಯವರಿಗೆ ಜಾಗವನ್ನೂ ಬಿಡುವುದಿಲ್ಲ."
ನಮ್ಮ ಆಫೀಸಿನ ಸೂಪರಿಂಟೆಂಡೆಂಟು ನೆನಪಾದರು. ಹೇಳಲಿಲ್ಲ.

ಕುರ್ಚಿ ಅಂದರೂ, ಅದು ಕೋಶದ ಪೊರೆಯನ್ನು
ಏಳು ಸಲ ಚುಚ್ಚಿ ಹೊಲಿದ ಒಂದೇ ದಾರ.
ಹೊರಗಿನ ಕುಣಿಕೆಗೆ ಕರೆ ತಗುಲಿದರೆ
ಒಳಗಿನ ಕುಣಿಕೆ ಅಲುಗುತ್ತದೆ. ಅಷ್ಟೆ.
ಒಡೆದು ಎರಡಾಗುತ್ತಿದ್ದ ಕೋಶ ಕೈಕಟ್ಟಿ ನಿಲ್ಲುತ್ತದೆ,
ದುಂಡಗಿದ್ದದ್ದು ಒಂದು ಕಡೆಗೆ ಮೂಗು ಚಾಚುತ್ತದೆ
ಎಳೆ ಸೋರೆಕಾಯಿಯ ಹಾಗೆ.

ನನಗೆ ತಲೆಗೆ ಹೋಗದ್ದು ಒಂದು:
ಕೇಳಿಸಿಕೊಳ್ಳುವ 'ಎ'ಯೇ ಒಂದು ಕತ್ತರಿಯನ್ನೂ ಹೊರಗೆ ಬಿಟ್ಟು
ಬರುವ ಕರೆಯನ್ನು ತುಂಡರಿಸುತ್ತದಂತೆ.
ಬೇಕಾದ್ದನ್ನೇ ಯಾಕೆ?
"ನಾಲ್ಕೂ ಕಡೆ ಕರೆಯೇ ತುಂಬಿದರೆ
ಕರೆದವರು ಯಾವ ಕಡೆ ಅಂತ ಹೇಗೆ ಗೊತ್ತಾಗಬೇಕು?"
ಏಳನೇ ವಯಸ್ಸಿಗೆ ಗಾಂಧಿ ಬಜಾರಿನಲ್ಲಿ ನಾನು ತಪ್ಪಿಸಿಕೊಂಡಿದ್ದೆ.
ಸೌತೆಕಾಯಿಯವನ ಕೂಗು, ಪಾತ್ರೆ ಅಂಗಡಿಯ ಢಣಢಣ,
ಅದರೊಳಗೆ ಅವ್ವ "ಹಾಲೇಶೀ" ಅಂದದ್ದು ಎಲ್ಲ ದಿಕ್ಕಿನಿಂದ.
ಒಂದು ಕಿವಿ ಮುಚ್ಚಿಕೊಂಡೆ.
ಬಳೆ ಅಂಗಡಿಯ ಪಕ್ಕ ನಿಂತಿದ್ದಳು. ಮೊದಲು ಹೊಡೆದಳು.

'ಎ'ಯ ಕರೆಯ ಸ್ವಭಾವ ಬೇರೆ. ಹನ್ನೆರಡೇ ಮಣಿ,
ಕೊನೆಗೆ ಎಣ್ಣೆಯಂಥ ಬಾಲ. ನೀರಿಗೆ ಸೇರದು.
ಸಿಕ್ಕಿದ್ದಕ್ಕೆ ಅಂಟುತ್ತದೆ. ಗಾಜು ಸಿಕ್ಕರೆ ಗಾಜಿಗೂ.

ಕಳೆದ ಗುರುವಾರ ಮೇಡಂ ಒಳಗಿನಿಂದ ಕೂಗಿದರು.
ಏನನ್ನೂ ಹಾಕದ ಟ್ಯೂಬಿನ ಆಲ್ಫಾ ಕೋಶಗಳು,
ಯಾರೂ ಕರೆಯದವು, ಮೂಗು ಚಾಚಿ ಕೂತಿದ್ದವು.
"ಮೆಥನಾಲಿನಲ್ಲಿ ಎರಡು ಸಲ ತೊಳೆಯಿರಿ ಅಂದಿದ್ದೆನಲ್ಲ?"
ಅಂದಿದ್ದರು. ಅವತ್ತು ನಾಲ್ಕಕ್ಕೇ ಹೊರಟಿದ್ದೆ,
ಸೋಪು, ನೀರು, ಮುಗಿಯಿತು.
ಮೂರು ವಾರದ ಕೆಲಸ ಸಿಂಕಿಗೆ.

ಬೈದು ಮುಗಿದ ಮೇಲೆ ಅವರೇ, "ಬನ್ನಿ, ನೋಡಿ ಒಮ್ಮೆ."
ಕಣ್ಣಿಟ್ಟೆ. ಬೆಳಕಿನ ದುಂಡು ಕೊಳದಲ್ಲಿ
ಪುಟ್ಟ ಸೋರೆಗಳು, ಒಂದೊಂದು ಒಂದೊಂದು ಕಡೆಗೆ.
ಕರೆದದ್ದು ಹೋದ ತಿಂಗಳೇ ಬ್ಲೀಚಿನಲ್ಲಿ ಸತ್ತಿದೆ.
ಕರೆ ಮಾತ್ರ ಗಾಜಿನ ಗೋಡೆ ಹಿಡಿದುಕೊಂಡು
ನನ್ನ ಸೋಪು, ನನ್ನ ಬ್ರಷ್ಷು, ತುಂಗೆ,
ಎಲ್ಲ ದಾಟಿ ಕಾದಿತ್ತು.

"ಚೆನ್ನಾಗಿದೆ," ಅಂದೆ. ಅನ್ನಬಾರದಿತ್ತು.
ಮೇಡಂ ನಗಲಿಲ್ಲ, ಬೈಯಲೂ ಇಲ್ಲ.

ಸಂಜೆ ತೊಳೆದೆ, ಮೆಥನಾಲಿನಲ್ಲಿ, ಮೂರು ಸಲ.
ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದೆ.
ಏನೂ ಕಾಣಲಿಲ್ಲ.
ಮೊದಲೂ ಕಾಣುತ್ತಿರಲಿಲ್ಲ.