ಟಿಕ್

ಒತ್ತಿದರೆ ಒಂದೇ ಸದ್ದು: ಟಿಕ್.
ಹಲ್ಲಿ ಲೊಚಗುಟ್ಟಿದ ಹಾಗೆ.

ಮಧ್ಯಾಹ್ನ ಎರಡೂವರೆ, ಬಹ್ರೇನಿನ ಸಲ್ಮಾಬಾದ್.
ಶಟರಿನ ನೆರಳು ಮೊಣಕಾಲುದ್ದ.
ಗುಲ್‌ಫರಾಜ್ ಗಾಡಿ ತಳ್ಳಿಕೊಂಡು ಬಂದ,
ಹಿಂದಿನ ಡಬ್ಬದಲ್ಲಿ ಯಾರದೋ ಊಟ.

"ಬ್ಯಾಟರಿ," ಅಂದ.
ಎಲ್ಲರೂ ಮೊದಲು ಬೈಯುವುದು ಅದನ್ನೇ.
ಮೀಟರಿಟ್ಟೆ: ಹನ್ನೆರಡೂವರೆ ದಾಟಿದೆ, ಪಾಪದ್ದು.
ರಿಲೇಯ ಎರಡು ತಲೆಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದೆ.
ಕಿಡಿ ಹಾರಿತು. ಮೋಟಾರು ಮುಲುಗಿತು, ಮಲಗಿತು.
ಕಾರ್ಬನ್ ಸವೆದಿರಬೇಕು ಅಂದೆ,
ಅಂದು, ಬಿಚ್ಚಿ, ತಪ್ಪೆಂದು ತಿಳಿದು, ಮತ್ತೆ ಮುಚ್ಚಿದೆ.
ಇಪ್ಪತ್ತು ನಿಮಿಷ. ಅವನ ಫೋನು ಎರಡು ಸಲ ಚೀರಿತು.

ಗಂಗೊಳ್ಳಿಯ ಬಂದರಿನಲ್ಲಿ ಕೆಲಸ ಕಲಿಸಿದ ಬಾಬಣ್ಣ
ಬೋಟಿನ ಇಂಜಿನ್ನಿನೊಳಗಿಂದ ತಲೆಯೆತ್ತದೆ ಹೇಳುತ್ತಿದ್ದ:
"ಕರೆಂಟ್ ಹೋಪ್ ದಾರಿ ಕಂಡಿ,
ಬಪ್ಪ್ ದಾರಿ ಕಾಣ್ ಮಾರಾಯ.
ಅರ್ತ್ ಇಲ್ದಿರೆ ಅರ್ಥವೇ ಇಲ್ಲೆ."

ಮೈನಸ್ಸಿಗೊಂದು ಕಡ್ಡಿ, ಇಂಜಿನ್ನಿನ ಮೈಗೊಂದು.
"ಈಗ ಒತ್ತು."
ಸೊನ್ನೆ ಇರಬೇಕಾದಲ್ಲಿ ನಾಲ್ಕು ವೋಲ್ಟು.

ಸೀಟಿನಡಿ, ಚಾಸಿಗೆ ಬಿಗಿದ ಒಂದು ಬೋಲ್ಟು,
ಸಮುದ್ರ ನೆಕ್ಕಿ ನೆಕ್ಕಿ ಹಸಿರುಗಟ್ಟಿದ್ದು.
ತಾಮ್ರ ಕೆಂಪಾಗುವ ತನಕ ಉಜ್ಜಿದೆ,
ಬಿಗಿದು, ಮೇಲೆ ವ್ಯಾಸಲೀನು ಸವರಿದೆ.

ಹೊತ್ತಿಕೊಂಡಿತು.
ಅಷ್ಟರಲ್ಲಿ ಊಟ ಕ್ಯಾನ್ಸಲ್.

"ಆಫ್ ಮಾಡಿ ಇನ್ನೊಮ್ಮೆ ನೋಡುವ," ಅಂದೆ.
ಅವನು ಕೀಲಿಗೆ ಅಂಗೈ ಅಡ್ಡ ಹಿಡಿದ,
ದೀಪಕ್ಕೆ ಗಾಳಿ ತಾಗದಂತೆ ಹಿಡಿಯುವ ಹಾಗೆ.

ಯಾರದೋ ಬಿರಿಯಾನಿ, ಬುಟ್ಟಿ ಮಗುಚಿ ಕೂತು,
ಇಬ್ಬರೂ ತಿಂದೆವು.
ಪಕ್ಕದಲ್ಲಿ ಗಾಡಿ ನಿಂತಲ್ಲೇ ಓಡುತ್ತಿತ್ತು.